ಹೋತವೋ ಹೆಣ್ಣೋ? ಬೆಟ್ಟದಾಡಿನ ಬೇಟೆಯ ಮೊದಲ ಪಾಠ



ಶಿಕಾರಿಯ ಮಾತು ಬಂದರೆ ಕೋವಿಯ ಕಥೆ, ಗುರಿಯ ಕಥೆ, ಕೊನೆಗೆ ಗೋಡೆಗೆ ತೂಗುಹಾಕಿದ ತಲೆಯ ಕಥೆ ಬರುವುದು ವಾಡಿಕೆ. ಉತ್ತರ ಅಮೆರಿಕದ ಬೆಟ್ಟದಾಡಿನ ಬೇಟೆಯಲ್ಲಿ ಇವೆಲ್ಲಕ್ಕಿಂತ ಮೊದಲು ಒಂದು ಪಾಠವಿದೆ. ಗುಂಡನ್ನು ಯಾವಾಗ ಹಾರಿಸಬಾರದು ಎಂಬುದೇ ಆ ಪಾಠ. ಅದನ್ನು ಹೇಳಿಕೊಡುವವನು ಗೈಡ್.

ಅಲಾಸ್ಕದ ಕಾನೂನು ಈ ವಿಷಯದಲ್ಲಿ ಬಹಳ ಸ್ಪಷ್ಟ. ಅಮೆರಿಕದ ಬೇರೆ ರಾಜ್ಯದಿಂದ ಬಂದವರು ಬೆಟ್ಟದಾಡನ್ನು ಬೇಟೆಯಾಡಬೇಕಾದರೆ ಲೈಸೆನ್ಸ್ ಪಡೆದ ಗೈಡ್ ಜೊತೆಗಿರಬೇಕು; ಇಲ್ಲವೇ ಆ ರಾಜ್ಯದಲ್ಲೇ ನೆಲೆಸಿರುವ, 19 ವರ್ಷ ತುಂಬಿದ ಹತ್ತಿರದ ಬಂಧು ಇರಬೇಕು. ಪರದೇಶದವರಾದರೆ ಯಾವ ದೊಡ್ಡ ಪ್ರಾಣಿಯ ಬೇಟೆಗೂ ಗೈಡ್ ಕಡ್ಡಾಯ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲೂ ಹೊರಗಿನವರಿಗೆ ಇಂಥದೇ ನಿಯಮವಿದೆ. ಇದಕ್ಕೆ ಕಾರಣ ಎರಡು: ಒಂದು ಬೆಟ್ಟ, ಇನ್ನೊಂದು ಆಡು.

ಹೆಸರಿಗೆ ಆಡಾದರೂ ಈ ಪ್ರಾಣಿ ನಮ್ಮೂರಿನ ಆಡಿನ ಖಾಸಾ ಕುಲದ್ದಲ್ಲ. ವಿಜ್ಞಾನಿಗಳು ಇದಕ್ಕೆ ‘ಓರಿಯಾಮ್ನೋಸ್ ಅಮೆರಿಕಾನಸ್’ ಎಂದು ಬೇರೆಯೇ ಹೆಸರಿಟ್ಟಿದ್ದಾರೆ. ಮೈತುಂಬ ಬಿಳಿ ಕೂದಲು, ಗದ್ದಕ್ಕೆ ಗಡ್ಡ, ತಲೆಯ ಮೇಲೆ ಚೂರಿಯಂಥ ಎರಡು ಕಪ್ಪು ಕೊಂಬು. ಬೆಳೆದ ಹೋತ ನೂರು ಕಿಲೋ ದಾಟುತ್ತದೆ. ಸೀಳುಗೊರಸಿನ ಅಂಚು ಗಟ್ಟಿ, ಒಳಗಿನ ಮೆತ್ತೆ ರಬ್ಬರಿನಂತೆ ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ತೋಳ, ಕರಡಿಗಳು ಬಂದರೆ ಇದು ಓಡಿ ಪಾರಾಗಲು ನೋಡುವುದಿಲ್ಲ. ಅವು ಕಾಲಿಡಲಾಗದ ಕಡಿದಾದ ಬಂಡೆಗೆ ಹತ್ತಿ ನಿಲ್ಲುತ್ತದೆ. ಬೇಟೆಗಾರ ಹೋಗಬೇಕಾದದ್ದೂ ಅಲ್ಲಿಗೇ.

ಮೊದಲ ಸಲ ಹೋಗುವವನು ಸಣ್ಣ ವಿಮಾನದಲ್ಲಿ ಯಾವುದೋ ಕೆರೆಯ ದಡದಲ್ಲಿ ಇಳಿಯುತ್ತಾನೆ. ಇಳಿದ ದಿನವೇ ಬೇಟೆಗೆ ಹೊರಡುವಂತಿಲ್ಲ. ಮರುದಿನ ಬೆಳಗಿನ ಜಾವ 3 ಗಂಟೆಯವರೆಗೆ ಕಾಯಬೇಕು. ಆಕಾಶದಿಂದ ಪ್ರಾಣಿಯನ್ನು ಗುರುತಿಸಿ, ಇಳಿದು ಹೊಡೆಯುವುದನ್ನು ತಡೆಯಲು ಮಾಡಿದ ನಿಯಮವಿದು. ಅನಂತರದ್ದು ಹತ್ತುವ ಕೆಲಸ. ಆಡು ಅಪಾಯವನ್ನು ಹೆಚ್ಚಾಗಿ ಕೆಳಗಿನಿಂದ ನಿರೀಕ್ಷಿಸುವ ಪ್ರಾಣಿ. ಆದ್ದರಿಂದ ಗೈಡ್ ಸುತ್ತು ದಾರಿ ಹಿಡಿದು, ಅದಕ್ಕಿಂತ ಮೇಲಕ್ಕೆ ಕರೆದೊಯ್ಯಲು ನೋಡುತ್ತಾನೆ. ಮಂಜು ಕವಿದರೆ ಡೇರೆಯೊಳಗೆ ದಿನಗಟ್ಟಲೆ ಕೂರಬೇಕಾದೀತು. ಚಳಿಗಾಲ ಹತ್ತಿರವಾದಂತೆ ಆಡಿನ ಕೂದಲು ಉದ್ದವಾಗಿ ಚೆನ್ನಾಗಿ ಕಾಣುತ್ತದೆ. ಹಿಮ, ಜಾರಿಕೆಗಳೂ ಅದರೊಂದಿಗೇ ಹೆಚ್ಚುತ್ತವೆ. ಒಳ್ಳೆಯ ಚರ್ಮ ಬೇಕೆನ್ನುವವನು ಹೆಚ್ಚಿನ ಅಪಾಯಕ್ಕೂ ಸಿದ್ಧನಾಗಬೇಕು.

ಕೊನೆಗೆ ಆಡು ಕಂಡಿತು ಎನ್ನೋಣ. ನಿಜವಾದ ಪರೀಕ್ಷೆ ಆಗ ಶುರು. ಜಿಂಕೆಯಲ್ಲಾದರೆ ಕೊಂಬಿದ್ದದ್ದು ಗಂಡು, ಇಲ್ಲದ್ದು ಹೆಣ್ಣು. ಬೆಟ್ಟದಾಡಿನಲ್ಲಿ ಎರಡಕ್ಕೂ ಕೊಂಬುಂಟು, ಎರಡೂ ಬಿಳಿ, ಎರಡಕ್ಕೂ ಗಡ್ಡ. ಹೋತದ ಕೊಂಬು ಬುಡದಲ್ಲಿ ದಪ್ಪ. ಬುಡದಿಂದ ತುದಿಯವರೆಗೂ ಒಂದೇ ಸಮನಾಗಿ ಬಾಗುತ್ತದೆ. ಹೆಣ್ಣಿನದು ತೆಳ್ಳಗೆ ನೇರವಾಗಿ ಏರಿ ತುದಿಯಲ್ಲಿ ಥಟ್ಟನೆ ಬಾಗುತ್ತದೆ. ಎರಡು ಕೊಂಬುಗಳ ನಡುವಿನ ಅಂತರವೂ ಹೆಚ್ಚು. ದುರ್ಬೀನಿನಲ್ಲಿ ಇಷ್ಟನ್ನು ನೋಡಿ ತೀರ್ಮಾನಿಸುವುದು ಸುಲಭವಲ್ಲ. ಅನುಭವಿ ಗೈಡ್‌ಗಳು ಆಡು ಮೂತ್ರ ಮಾಡುವವರೆಗೂ ಕಾಯುತ್ತಾರೆ. ಹೆಣ್ಣು ಕುಕ್ಕರಿಸುತ್ತದೆ, ಹೋತ ಮೈಯನ್ನು ಮುಂದಕ್ಕೆ ಚಾಚಿ ನಿಲ್ಲುತ್ತದೆ. ಕೇಳಿದರೆ ನಗು ಬರಬಹುದು. ಆದರೆ ಇದಕ್ಕಿಂತ ಖಚಿತವಾದ ಗುರುತು ಕಡಿಮೆ.

ಇಷ್ಟು ಎಚ್ಚರಿಕೆ ಏಕೆ? ಈ ಪ್ರಾಣಿಯ ಸಂತತಿ ಬೆಳೆಯುವುದು ಬಹಳ ನಿಧಾನ. ಹೆಣ್ಣು ಸಾಮಾನ್ಯವಾಗಿ ನಾಲ್ಕೈದು ವರ್ಷದ ಹೊತ್ತಿಗೆ ಮೊದಲ ಮರಿ ಹಾಕುತ್ತದೆ, ಹೆಚ್ಚಾಗಿ ಒಂದೇ ಒಂದನ್ನು. ಹಿಂಡನ್ನು ಮುಂದೆ ನಡೆಸುವವೂ ವಯಸ್ಸಾದ ಹೆಣ್ಣುಗಳೇ. ಚಿಕ್ಕ ಹಿಂಡಿನಲ್ಲಿ ಅಂಥ ಎರಡು ಮೂರು ಹೆಣ್ಣು ಸತ್ತರೆ ಹಿಂಡೇ ಕರಗಬಹುದು. ಆದ್ದರಿಂದ ಮರಿಯಿರುವ ಹೆಣ್ಣನ್ನು ಹೊಡೆಯುವುದಕ್ಕೆ ಅಲಾಸ್ಕದಲ್ಲಿ ನಿಷೇಧವಿದೆ. ಆಗ್ನೇಯ ಅಲಾಸ್ಕದ ಕೆಲವೆಡೆ ಒಂದು ಹೆಣ್ಣು ಸತ್ತರೆ ಎರಡು ಹೋತ ಸತ್ತಂತೆ ಲೆಕ್ಕ ಹಿಡಿಯುತ್ತಾರೆ. ಲೆಕ್ಕ ತುಂಬಿದ ಕೂಡಲೇ ಆ ಬೆಟ್ಟದ ಬೇಟೆ ಬಂದ್.

ಗಂಡೆಂದು ಖಾತ್ರಿಯಾದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಈಡು ಬಿದ್ದ ಆಡು ಎಲ್ಲಿ ಬೀಳುತ್ತದೆ? ಬೆಟ್ಟದಾಡು ಗಟ್ಟಿ ಪ್ರಾಣಿ. ಗಾಯಗೊಂಡು ನಾಲ್ಕು ಹೆಜ್ಜೆ ನಡೆದರೂ ಸಾಕು, ಪ್ರಪಾತಕ್ಕೆ ಉರುಳಬಹುದು. ಮನುಷ್ಯ ಇಳಿಯಲಾಗದ ಜಾಗವಾದರೆ ಆ ಜೀವ ವ್ಯರ್ಥ. ಹೀಗಾಗಿ ಹೋತ ಎದುರಿಗೇ ನಿಂತಿದ್ದರೂ ಗೈಡ್ ‘ಬೇಡ’ ಎನ್ನುವುದುಂಟು. ದೊಡ್ಡ ಮೊತ್ತ ತೆತ್ತು, ದಿನಗಟ್ಟಲೆ ಹತ್ತಿ ಬಂದವನಿಗೆ ಆ ಒಂದು ಮಾತನ್ನು ಒಪ್ಪುವುದು ಬೆಟ್ಟ ಹತ್ತುವುದಕ್ಕಿಂತ ಕಷ್ಟ.

ಬೇಟೆ ಸಿಕ್ಕಿದರೂ ಕೊಂಬನ್ನು ಮಾತ್ರ ಹೊತ್ತು ತರುವಂತಿಲ್ಲ. ತಿನ್ನಲು ಬರುವ ಮಾಂಸವನ್ನು ಬಿಟ್ಟು ಬರುವುದು ಅಲಾಸ್ಕದಲ್ಲಿ ಅಪರಾಧ. ಕೊಂಬಿನ ಉಂಗುರಗಳನ್ನು ಎಣಿಸಿದರೆ ಆಡಿನ ವಯಸ್ಸು ತಿಳಿಯುತ್ತದೆ.

ಈ ಬೇಟೆ ಹೊರಗಿನವರ ಹವ್ಯಾಸವಾಗುವುದಕ್ಕೆ ಮುಂಚೆ ಅಲ್ಲಿನ ಮೂಲನಿವಾಸಿಗಳ ಬದುಕಾಗಿತ್ತು. ಟ್ಲಿಂಗಿಟ್ ಜನ ಬೆಟ್ಟದಾಡಿನ ಉಣ್ಣೆಯನ್ನು ದೇವದಾರು ಜಾತಿಯ ಮರದ ತೊಗಟೆಯ ನಾರಿನೊಂದಿಗೆ ಹೊಸೆದು ನೇಯುವ ‘ಚಿಲ್ಕಟ್’ ಹೊದಿಕೆ ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿದೆ. ಹಬ್ಬದಲ್ಲಿ ಅದನ್ನು ಹೊದ್ದು ಕುಣಿದರೆ ಉದ್ದನೆಯ ಕುಚ್ಚುಗಳೂ ಜೊತೆಗೆ ಕುಣಿಯುತ್ತವೆ. ಈ ನೇಯ್ಗೆ ಕೊನೆಗೆ ಕೆಲವೇ ಕೈಗಳಲ್ಲಿ ಉಳಿದಿತ್ತು. ಜೆನ್ನಿ ಥ್ಲೂನಾಟ್ ಎಂಬ ಅಜ್ಜಿ 1986ರಲ್ಲಿ ತೀರಿಕೊಳ್ಳುವ ಮುನ್ನ ಕಿರಿಯರಿಗೆ ಕಲಿಸಿದ್ದರಿಂದ ಅದು ಮುಂದುವರಿದಿದೆ.

ಬೇಟೆಯಿಂದ ಪ್ರಾಣಿ ಉಳಿಯುತ್ತದೆಯೇ? ಉಳಿಯುತ್ತದೆ ಎನ್ನುವವರು 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯನ್ನು ತೋರಿಸುತ್ತಾರೆ. ಕೋವಿ, ತೋಟಾಗಳ ಮೇಲಿನ ತೆರಿಗೆ ಅದರಂತೆ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ಇನ್ನೊಂದು ಮುಖವೂ ಇದೆ. ಬೇಟೆಗೆಂದೇ ಆಡುಗಳನ್ನು ಅವು ಇಲ್ಲದ ಕಡೆ ಬಿಟ್ಟದ್ದುಂಟು. ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಬೆಟ್ಟಗಳಿಗೆ 1920ರ ದಶಕದಲ್ಲಿ ತಂದು ಬಿಟ್ಟ ಆಡುಗಳು ಅಲ್ಲಿನ ಅಪರೂಪದ ಗಿಡಗಳನ್ನು ಹಾಳುಮಾಡಿದವು. ಕೊನೆಗೆ 2018ರಿಂದ 2020ರವರೆಗೆ ಮುನ್ನೂರಕ್ಕೂ ಹೆಚ್ಚು ಆಡುಗಳನ್ನು ಹಿಡಿದು, ಹೆಲಿಕಾಪ್ಟರಿನಲ್ಲಿ ಎತ್ತಿ, ಅವುಗಳ ಸಹಜ ನೆಲೆಯಾದ ಕ್ಯಾಸ್ಕೇಡ್ ಬೆಟ್ಟಗಳಿಗೆ ಸಾಗಿಸಬೇಕಾಯಿತು. ಅತ್ತ ಆಗ್ನೇಯ ಅಲಾಸ್ಕದಲ್ಲಿ ಬೆಟ್ಟದಾಡುಗಳ ಸಾವಿಗೆ ಹಿಮಪಾತವೇ ಒಂದು ಮುಖ್ಯ ಕಾರಣವೆಂದು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಪ್ರಕೃತಿಯೇ ಇಷ್ಟು ಕಂದಾಯ ವಸೂಲಿ ಮಾಡುವಾಗ, ಬೇಟೆಯ ಲೆಕ್ಕವನ್ನು ಎಷ್ಟು ಬಿಗಿ ಹಿಡಿದರೂ ಕಡಿಮೆಯೇ.

ನಮ್ಮ ನೆರೆಯಲ್ಲೂ ಇಂಥದೊಂದು ಪ್ರಾಣಿಯಿದೆ. ತಮಿಳುನಾಡು, ಕೇರಳದ ಘಟ್ಟಗಳ ನೀಲಗಿರಿ ತಾರ್ ಅದು. ಬ್ರಿಟಿಷ್ ಶಿಕಾರಿಗಳ ಬಾಯಲ್ಲಿ ‘ನೀಲಗಿರಿ ಐಬೆಕ್ಸ್’. ಮುನ್ನಾರಿನ ಬಳಿಯ ಎರವಿಕುಲಂ ಒಂದು ಕಾಲಕ್ಕೆ ಚಹಾ ತೋಟಗಾರರ ಬೇಟೆಯ ಜಾಗ. ಅಲ್ಲಿನ ಮುದುವ ಬುಡಕಟ್ಟಿನವರು ಕಾವಲುಗಾರರಾಗಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಪ್ರಾಣಿಗೆ ಅತಿ ಹೆಚ್ಚಿನ ರಕ್ಷಣೆ ಕೊಟ್ಟಿತು. 1978ರಲ್ಲಿ ಎರವಿಕುಲಂ ರಾಷ್ಟ್ರೀಯ ಉದ್ಯಾನವಾಯಿತು. ತಾರ್ ಇಂದಿಗೂ ಅಲ್ಲಿ ಮೇಯುತ್ತಿದೆ.

ಅಲಾಸ್ಕ ಬೇಟೆಗೆ ಲೆಕ್ಕ ಕಟ್ಟಿತು, ಭಾರತ ಬೇಟೆಯನ್ನೇ ನಿಲ್ಲಿಸಿತು. ದಾರಿ ಬೇರೆಯಾದರೂ ಎರಡೂ ಕಡೆ ಬೆಟ್ಟವನ್ನು ಬಲ್ಲ ಒಬ್ಬ ಬೇಕೇ ಬೇಕಾಯಿತು: ಅಲ್ಲಿ ಗೈಡ್, ಇಲ್ಲಿ ಮುದುವ ಕಾವಲುಗಾರ. ಅಂಥವನ ‘ಬೇಡ’ ಎಂಬ ಮಾತಿಗೆ ಕೋವಿ ಕೆಳಗಿಳಿಯುವವರೆಗೆ ಬೆಟ್ಟದಲ್ಲಿ ಆಡು ಇರುತ್ತದೆ.