ಉಸಿರಿನ ಲೆಕ್ಕ ಇಡುವವರು ಬೇಕು

(ವಿದ್ಯಾರ್ಥಿ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣ)



ನಡುರಾತ್ರಿ ಎದ್ದು ಕಿಟಕಿ ಮುಚ್ಚುವಂತೆ ಮಾಡುವ ರಾಸಾಯನಿಕ ವಾಸನೆ ಡೊಂಬಿವಲಿಯ ನಮಗೆ ಹೊಸದಲ್ಲ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ತೀವ್ರ ಮಲಿನಗೊಂಡ ಕೈಗಾರಿಕಾ ಪ್ರದೇಶಗಳ ಪಟ್ಟಿ ಮಾಡಿದಾಗ ಡೊಂಬಿವಲಿ, ನವಿ ಮುಂಬಯಿ ಎರಡೂ ಅದರಲ್ಲಿದ್ದವು. ನಾವು ದೂರು ಬರೆಯುತ್ತೇವೆ, ಬಳಿಕ ಮರೆಯುತ್ತೇವೆ. ಕಡತಗಳ ನಡುವೆಯೇ ಆಯುಷ್ಯ ಕಳೆದ ನಾನು ಒಂದನ್ನು ಬಲ್ಲೆ: ಅಂಕಿ ಅಂಶಗಳಿಲ್ಲದ ದೂರು ಮೇಜಿನಿಂದ ಮೇಜಿಗೆ ಹೋದೀತು, ತೀರ್ಮಾನಕ್ಕೆ ಬಾರದು. ಆ ಅಂಕಿ ಅಂಶಗಳನ್ನು ಒದಗಿಸುವವನೇ ಸಂಶೋಧಕ.

ಇದಕ್ಕೆ ನಿದರ್ಶನ ನಮ್ಮ ನಾಡಿನಲ್ಲೇ ಇದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಗರು ಅಜ್ಞಾನಿಗಳು, ಕೆಮ್ಮಿಗೆ ವೈದ್ಯರ ಬಳಿ ಬರುವುದಿಲ್ಲ ಎಂಬ ನಂಬಿಕೆ ಆಗ ಬಲವಾಗಿತ್ತು. ವೈದ್ಯರಾಗಿದ್ದೂ ಮಾನವಶಾಸ್ತ್ರ ಕಲಿತಿದ್ದ ದೇಬಬರ್ ಬ್ಯಾನರ್ಜಿಯವರು ಸ್ಟಿಗ್ ಆಂಡರ್ಸನ್ ಅವರೊಡನೆ ತುಮಕೂರು ಜಿಲ್ಲೆಯ ಕ್ಷಯರೋಗಿಗಳನ್ನು ಕುರಿತು ಅಧ್ಯಯನ ನಡೆಸಿ, 1963ರಲ್ಲಿ ಪ್ರಕಟಿಸಿದರು. ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅವರನ್ನು ಕೆಮ್ಮಿನ ಔಷಧ ಕೊಟ್ಟು ಹಿಂದೆ ಕಳುಹಿಸಲಾಗಿತ್ತು! ತಪ್ಪು ಹಳ್ಳಿಯದಲ್ಲ, ವ್ಯವಸ್ಥೆಯದು. ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷಿಸಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮದ ನಿಲುವಿಗೆ ಇಂತಹ ಕೆಲಸವೇ ಆಧಾರವಾಯಿತು.

ಶ್ವಾಸಕೋಶದ ಸಂಶೋಧನೆ ವೈದ್ಯರೊಬ್ಬರ ಸೊತ್ತಲ್ಲ ಎಂಬುದಕ್ಕೂ ಇದೇ ಸಾಕ್ಷಿ. ಗಾಳಿಯ ಕಣಗಳನ್ನು ಅಳೆಯಲು ರಸಾಯನಶಾಸ್ತ್ರಜ್ಞರು ಬೇಕು, ಸಾವು ನೋವುಗಳ ಲೆಕ್ಕಕ್ಕೆ ಸಂಖ್ಯಾಶಾಸ್ತ್ರಜ್ಞರು ಬೇಕು. ಪವಾಯಿಯ ಐಐಟಿ, ದೇವನಾರಿನ ಜನಸಂಖ್ಯಾ ಅಧ್ಯಯನ ಸಂಸ್ಥೆಗಳು ನಮ್ಮ ಲೋಕಲ್ ರೈಲಿನ ಅಳತೆಯಲ್ಲೇ ಇವೆ. ಚೆನ್ನೈಯಲ್ಲಿ ಕ್ಷಯರೋಗ ಸಂಶೋಧನೆಗೆ, ಅಹಮದಾಬಾದಿನಲ್ಲಿ ಕಾರ್ಮಿಕರ ಆರೋಗ್ಯಕ್ಕೆ ರಾಷ್ಟ್ರೀಯ ಸಂಸ್ಥೆಗಳಿವೆ. ಪ್ರಶ್ನೆಗಳಿಗೂ ಬರವಿಲ್ಲ. ಇಪ್ಪತ್ತು ವರ್ಷ ಹೋಟೆಲಿನ ಕಾವಲಿಯ ಮುಂದೆ ಹೊಗೆ ಕುಡಿದ ನಮ್ಮ ಕರಾವಳಿಯ ಅಡುಗೆಯವನ ಎದೆ ಹೇಗಿದೆ? ಬೀಡಿ ಮುಟ್ಟದ ಗೃಹಿಣಿಗೆ ಉಬ್ಬಸ ಏಕೆ?

ಇನ್ನು ನನ್ನ ತಪ್ಪನ್ನು ಹೇಳಿಕೊಳ್ಳಬೇಕು. ಎಂ.ಬಿ.ಬಿ.ಎಸ್. ಮುಗಿಸಿದ ನನ್ನ ಮಗಳು ರೋಗವ್ಯಾಪನಶಾಸ್ತ್ರ ಓದುತ್ತೇನೆಂದಾಗ, "ಮೊದಲು ಒಂದು ಬೋರ್ಡು ಹಾಕು, ಆಮೇಲೆ ನೋಡೋಣ" ಎಂದೆ. ಅವಳು ವಾದಿಸಲಿಲ್ಲ. ಇಂದು ಅವಳ ದವಾಖಾನೆ ಚೆನ್ನಾಗಿ ನಡೆಯುತ್ತಿದೆ. ಮೊನ್ನೆ ಅವಳೇ ಹೇಳಿದಳು: "ಅಪ್ಪಾ, ದಿನವೂ ಅದೇ ಕೆಮ್ಮು, ಅದೇ ಓಣಿಗಳಿಂದ ಬರುತ್ತದೆ. ಬರೆದಿಡಲು ಪುರುಸೊತ್ತಿಲ್ಲ." ನನಗೆ ತುಮಕೂರಿನ ಕೆಮ್ಮಿನ ಔಷಧ ನೆನಪಾಯಿತು.

ಸಂಶೋಧನೆಯ ಹಾದಿ ಸುಗಮವೆಂದು ನಾನು ಹೇಳಲಾರೆ. ವೇತನ ತಡವಾದೀತು, ಯೋಜನೆ ಮುಗಿದೊಡನೆ ಕೆಲಸವೂ ಮುಗಿದೀತು. ಆದ್ದರಿಂದಲೇ ಸಂಘಕ್ಕೆ ನನ್ನದೊಂದು ವಿನಂತಿ. ಅಂಕಗಳಿಗೆ ಶಾಲು ಹೊದಿಸುವುದರ ಜೊತೆಗೆ, ಸಂಶೋಧನೆಗೆ ಹೊರಟ ಒಬ್ಬ ವಿದ್ಯಾರ್ಥಿಗಾದರೂ ಎರಡು ವರ್ಷ ಆಸರೆಯಾಗುವ ನಿಧಿಯನ್ನು ಸ್ಥಾಪಿಸೋಣ. ನನ್ನ ಒಂದು ತಿಂಗಳ ಸಂಬಳದಿಂದ ಅದು ಆರಂಭವಾಗಲಿ. ಮಗಳಿಗೆ ಕೊಡಬೇಕಾಗಿದ್ದ ಒಪ್ಪಿಗೆಯನ್ನು ಇನ್ನೊಬ್ಬರ ಮಕ್ಕಳಿಗೆ ಕೊಡುತ್ತಿದ್ದೇನೆ.