ಹಾಡು ಯಾರದು, ಟೋಕನ್ ಯಾರದು?



ನಿಮ್ಮಲ್ಲಿ ಚೆನ್ನಾಗಿ ಹಾಡುವವರಿದ್ದೀರಿ. ಹಾಡನ್ನು ಮೊಬೈಲಿನಲ್ಲಿ ಮುದ್ರಿಸಿ ಹಂಚುವವರೂ ಇದ್ದೀರಿ. ಆದ್ದರಿಂದ ಸಂಗೀತ ವ್ಯಾಪಾರಕ್ಕೆ ಬಂದಿರುವ ಡಿಜಿಟಲ್ ಟೋಕನ್, ಅಂದರೆ ಎನ್.ಎಫ್.ಟಿ. ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ಬ್ಲಾಕ್‌ಚೈನ್ ಎಂಬುದು ಅನೇಕ ಗಣಕಯಂತ್ರಗಳಲ್ಲಿ ಪ್ರತಿ ಇರುವ ಒಂದು ಖಾತೆ ಪುಸ್ತಕ. ಅದರಲ್ಲಿ ‘ಈ ಸಂಖ್ಯೆಯ ಟೋಕನ್ ಇಂಥ ಖಾತೆಗೆ ಸೇರಿದ್ದು’ ಎಂದು ಬರೆದ ನಮೂದೇ ಎನ್.ಎಫ್.ಟಿ. 2021ರ ಫೆಬ್ರವರಿಯಲ್ಲಿ ಅಮೆರಿಕದ ಸಂಗೀತಗಾರ ಜಸ್ಟಿನ್ ಬ್ಲಾವ್ ತಮ್ಮ ಆಲ್ಬಮ್‌ನ ಟೋಕನ್‌ಗಳನ್ನು ಒಂದು ಕೋಟಿ ಡಾಲರಿಗೂ ಹೆಚ್ಚು ಮೊತ್ತಕ್ಕೆ ಮಾರಿದರು. ಮರುತಿಂಗಳು ಕಿಂಗ್ಸ್ ಆಫ್ ಲಿಯಾನ್ ತಂಡವೂ ತನ್ನ ಹೊಸ ಆಲ್ಬಮ್ಮನ್ನು ಟೋಕನ್ ರೂಪದಲ್ಲಿ ಹೊರತಂದಿತು. 2022ರಲ್ಲಿ ಗಾಯಕ ನಾಸ್ ತಮ್ಮ ಎರಡು ಹಾಡುಗಳ ಆದಾಯದ ಪಾಲನ್ನೇ ಟೋಕನ್ ಮೂಲಕ ಅಭಿಮಾನಿಗಳಿಗೆ ಮಾರಿದರು.

ಅದೇ ವರ್ಷ ಮಾರುಕಟ್ಟೆ ಕುಸಿಯಿತು. ಟೋಕನ್ ಮರುಮಾರಾಟವಾದಾಗಲೆಲ್ಲ ಕಲಾವಿದನಿಗೆ ಪಾಲು ಸಿಗುವುದೆಂಬ ಭರವಸೆಯಿತ್ತು. 2023ರಲ್ಲಿ ಓಪನ್‌ಸೀ ಎಂಬ ದೊಡ್ಡ ಮಾರುಕಟ್ಟೆ ಆ ಪಾಲನ್ನು ಕೊಳ್ಳುವವರ, ಮಾರುವವರ ಇಚ್ಛೆಗೆ ಬಿಟ್ಟಿತು.

ಈಗ ನಮ್ಮ ನೆಲಕ್ಕೆ ಬರೋಣ. ಶಿಗ್ಗಾಂವ ತಾಲೂಕಿನ ಶಿಶುನಾಳದ ಶರೀಫ ಸಾಹೇಬರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಗೋವಿಂದ ಭಟ್ಟರ ಶಿಷ್ಯರಾದ ಅವರ ತತ್ವಪದಗಳು ಬಾಯಿಂದ ಬಾಯಿಗೆ ಉಳಿದು ಬಂದವು. 1990ರಲ್ಲಿ ನಾಗಾಭರಣರ ಚಲನಚಿತ್ರ, ಸಿ. ಅಶ್ವಥ್ ಅವರ ಸಂಗೀತ ಆ ಪದಗಳನ್ನು ಮನೆಮನೆಗೆ ಮುಟ್ಟಿಸಿದವು. ನಮ್ಮ ಕಾನೂನಿನಲ್ಲಿ ಕವಿಯ ಕೃತಿಸ್ವಾಮ್ಯ ಆತನ ನಂತರ 60 ವರ್ಷ ಇರುತ್ತದೆ. ಹಾಗಾಗಿ ಶರೀಫರ ಪದಗಳು ಇಂದು ಎಲ್ಲರ ಸೊತ್ತು. ಯಾರೂ ಹಾಡಬಹುದು, ಯಾರೂ ‘ಇದು ನನ್ನದು’ ಎನ್ನಲಾಗದು. ಆದರೆ ಅಶ್ವಥ್ ಕಟ್ಟಿದ ರಾಗಸಂಯೋಜನೆ ಬೇರೆ, ಆ ಧ್ವನಿಮುದ್ರಣ ಬೇರೆ. ಅವುಗಳಿಗೆ ಪ್ರತ್ಯೇಕ ಹಕ್ಕುಗಳಿವೆ. ನೀವೇ ರಾಗ ಹಾಕಿ, ನೀವೇ ಹಾಡಿ ಮುದ್ರಿಸಿದರೆ ಆ ಹಕ್ಕು ನಿಮ್ಮದು.

ನಾಳೆ ಯಾರಾದರೂ ಶರೀಫರ ಪದದ ಟೋಕನ್ ಮಾರಲು ಬಂದರೆ ಏನು ತಿಳಿಯಬೇಕು? ಕೊಂಡವನಿಗೆ ಸಿಗುವುದು ಖಾತೆಯ ನಮೂದು, ಪದವಲ್ಲ. ಕರಾರಿನಲ್ಲಿ ಬರೆಯದ ಹೊರತು ಧ್ವನಿಮುದ್ರಣದ ಹಕ್ಕೂ ಅಲ್ಲ. ಮೇಲಾಗಿ 2022ರ ಏಪ್ರಿಲ್‌ನಿಂದ ಇಂಥ ಟೋಕನ್ನಿನ ಲಾಭಕ್ಕೆ ನಮ್ಮ ದೇಶದಲ್ಲಿ ಶೇಕಡಾ 30 ತೆರಿಗೆಯಿದೆ. ನಷ್ಟವಾದರೆ ಅದನ್ನು ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ.

ಹಾಡುವ ಮಕ್ಕಳಿಗೆ ನನ್ನ ಮಾತು ಇಷ್ಟೇ. ಹಳ್ಳಿಯ ಹಾಡುಗಾರನ ಕಂಠವನ್ನು ಮುದ್ರಿಸಿಕೊಂಡು ಹೋದವರು ಅದನ್ನು ಟೋಕನ್ ಮಾಡಿ ಮಾರಿದರೆ, ಅವನು ಸಹಿ ಹಾಕಿದ ಕಾಗದದಲ್ಲಿ ಏನಿತ್ತೆಂಬುದೇ ಮುಖ್ಯವಾಗುತ್ತದೆ. 2012ರ ತಿದ್ದುಪಡಿ ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ ರಾಯಧನದ ಹಕ್ಕನ್ನು ಭದ್ರಪಡಿಸಿದೆ; ಹಾಡುಗಾರರಿಗೂ ಪ್ರದರ್ಶಕರ ಹಕ್ಕಿದೆ. ಆದರೆ ಓದದೆ ಸಹಿ ಮಾಡುವವನಿಗೆ ಕಾನೂನು ದೂರದಲ್ಲೇ ಉಳಿಯುತ್ತದೆ. ಆದ್ದರಿಂದ ನಿಮ್ಮ ಓರಗೆಯ ಹಾಡುಗಾರರ ಮನೆಗೆ ಇಂಥ ಕಾಗದ ಬಂದರೆ, ಓದಬಲ್ಲ ನೀವು ಅದನ್ನು ಅವರಿಗೆ ಓದಿ ಹೇಳಿರಿ. ಕಲಿತ ವಿದ್ಯೆ ಸಾರ್ಥಕವಾಗುವುದು ಅಲ್ಲಿಯೇ.