ನೆಟ್ಟಗಿರುವವನು ಯಾರು?

(ಚಿಕ್ಕರಸಿನಕೆರೆಯಲ್ಲಿ ಮಾಡಿದ ಭಾಷಣ)



ಒಬ್ಬನನ್ನು ಕುರಿತು "ಅವನಿಗೆ ತಲೆ ನೆಟ್ಟಗಿಲ್ಲ" ಎನ್ನಲು ಅರೆಗಳಿಗೆ ಸಾಕು. ಆ ಮಾತು ಊರಲ್ಲಿ ನಿಂತುಬಿಟ್ಟರೆ ಅವನಿಗೆ ಹೆಣ್ಣು ಸಿಗುವುದಿಲ್ಲ, ಸಾಲ ಹುಟ್ಟುವುದಿಲ್ಲ, ನ್ಯಾಯದ ಕಟ್ಟೆಯಲ್ಲಿ ಅವನ ಮಾತಿಗೆ ಬೆಲೆಯಿಲ್ಲ. ಮನೆ ಪಾಲಾಗುವ ಹೊತ್ತಿಗೆ ಅಣ್ಣತಮ್ಮಂದಿರು, "ಅವನಿಗ್ಯಾಕೆ ಜಮೀನು, ನಾವೇ ಅನ್ನ ಹಾಕ್ತೀವಿ" ಎನ್ನುತ್ತಾರೆ. ಆದಕಾರಣ ಸರಿಯಾದ ಮನುಷ್ಯ ಯಾರೆಂಬುದು ಪಂಡಿತರ ಪ್ರಶ್ನೆ ಮಾತ್ರವಲ್ಲ. ಗದ್ದೆಯ ಪ್ರಶ್ನೆ, ಪಹಣಿಯ ಪ್ರಶ್ನೆ.

ಡಾಕ್ಟರರು ಬಳಸತಕ್ಕ 'ನಾರ್ಮಲ್' ಎಂಬ ಪದದಲ್ಲಿ ಎರಡು ಅರ್ಥಗಳು ಗಂಟುಬಿದ್ದಿವೆ. ಹೆಚ್ಚು ಜನ ಹೇಗಿದ್ದಾರೋ ಹಾಗಿರುವುದು ಒಂದು, ಆರೋಗ್ಯವಾಗಿರುವುದು ಇನ್ನೊಂದು. ಈ ಗಂಟು ಹಾಕಿದವರಲ್ಲಿ ಬೆಲ್ಜಿಯಂ ದೇಶದ ಗಣಿತಜ್ಞ ಕೆಟಲೆ ಮುಖ್ಯನಾದವನು. 1835ರಲ್ಲಿ ಆತ 'ಸರಾಸರಿ ಮನುಷ್ಯ'ನ ಕಲ್ಪನೆಯನ್ನು ಮುಂದಿಟ್ಟ. ಮುಂದೆ ಸ್ಕಾಟ್‌ಲೆಂಡಿನ ಐದು ಸಾವಿರಕ್ಕೂ ಹೆಚ್ಚು ಸಿಪಾಯಿಗಳ ಎದೆ ಸುತ್ತಳತೆಯನ್ನು ಲೆಕ್ಕಹಾಕಿ, ನಡುವಿನ ಅಳತೆಯೇ ಪ್ರಕೃತಿಯ ಗುರಿ, ಅತ್ತಿತ್ತ ಸರಿದದ್ದು ಅದರ ಕೈತಪ್ಪು ಎಂಬಂತೆ ವಾದಿಸಿದ.

ಇದೆಷ್ಟು ಮೋಸದ ವಾದವೆಂಬುದನ್ನು ನಮ್ಮ ಹೆಂಗಸರ ರಕ್ತವೇ ಹೇಳುತ್ತದೆ. ಗರ್ಭಿಣಿಯಲ್ಲದ ಹೆಂಗಸಿನ ರಕ್ತದಲ್ಲಿ ಡೆಸಿಲೀಟರಿಗೆ 12 ಗ್ರಾಂ ಹಿಮೋಗ್ಲೋಬಿನ್ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿಗೆ ರಕ್ತಹೀನತೆ. ದೇಶದಲ್ಲಿ ಅರ್ಧಕ್ಕೂ ಹೆಚ್ಚು. ಹೆಚ್ಚು ಜನ ಇರುವಂತಿರುವುದೇ ಸರಿಯೆಂದರೆ ರೋಗವೇ ಸಹಜವಾಯಿತು! ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆದು, ಮನೆಗೆ ಬಂದು ಮುದ್ದೆ ತಿರುವಿ, ತಲೆಸುತ್ತಿ ಗೋಡೆ ಹಿಡಿದು ಕೂತವಳಿಗೆ "ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಎನ್ನುವವರು ಕೆಟಲೆಯ ಹೆಸರು ಕೇಳದಿದ್ದರೂ ಅವನ ಶಿಷ್ಯರೇ ಸರಿ.

ರಕ್ತಕ್ಕಾದರೆ ಸೂಜಿಯುಂಟು. ಮನಸ್ಸಿಗೆ ಅಂಥ ಪರೀಕ್ಷೆಯಿಲ್ಲ. ನಿದ್ರೆ ಬರುತ್ತದೆಯೆ, ಊಟ ಸೇರುತ್ತದೆಯೆ, ಇಲ್ಲದ ದನಿ ಕೇಳುತ್ತದೆಯೆ, ಎಷ್ಟು ದಿನದಿಂದ ಹೀಗೆ ಎಂದೆಲ್ಲ ವಿಚಾರಿಸಿ ಡಾಕ್ಟರು ತೀರ್ಮಾನಿಸಬೇಕು. ಈ ಸಂದಿನಲ್ಲಿಯೇ ಅಧಿಕಾರ ನುಸುಳುವುದು. 1851ರಲ್ಲಿ ಅಮೆರಿಕದ ಕಾರ್ಟ್‌ರೈಟ್ ಎಂಬ ಡಾಕ್ಟರು, ಧಣಿಯನ್ನು ಬಿಟ್ಟು ಓಡಿಹೋಗುವುದು ನೀಗ್ರೋ ಗುಲಾಮರಿಗೆ ತಗಲುವ ಒಂದು ಮನೋರೋಗವೆಂದು ಬರೆದು, ಅದಕ್ಕೆ ಗ್ರೀಕ್ ಹೆಸರನ್ನೂ ಕಟ್ಟಿದ. ಚಾಟಿಯನ್ನು ಮದ್ದೆಂದ. ಬಂಡವಾಳಶಾಹಿಗಳ ಬುದ್ಧಿಯೇ ಇಷ್ಟು ಎಂದು ನಾವು ಬೀಗುವಂತಿಲ್ಲ. ಸಮಾಜವಾದದ ಹೆಸರು ಹೇಳುತ್ತಿದ್ದ ಸೋವಿಯತ್ ಒಕ್ಕೂಟ ಸರ್ಕಾರವನ್ನು ಟೀಕಿಸಿದವರಿಗೆ 'ಮಂದಗತಿಯ ಸ್ಕಿಜೋಫ್ರೇನಿಯಾ' ಎಂದು ಚೀಟಿ ಬರೆದು ಹುಚ್ಚಾಸ್ಪತ್ರೆಗೆ ನೂಕಿತು. ಇದನ್ನು ಮುಚ್ಚಿಡುವುದು ನಾಚಿಕೆಗೇಡು. ಗಂಡು ಗಂಡನ್ನೂ ಹೆಣ್ಣು ಹೆಣ್ಣನ್ನೂ ಒಲಿಯುವುದನ್ನು ಅಮೆರಿಕದ ಮನೋವೈದ್ಯರ ಸಂಘ ರೋಗದ ಪಟ್ಟಿಯಿಂದ ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ. ನಮ್ಮ ಸುಪ್ರೀಂ ಕೋರ್ಟು ಅದು ಅಪರಾಧವಲ್ಲವೆಂದದ್ದು 2018ರಲ್ಲಿ. ಆ ಜನ ಮೊದಲು ಹೇಗಿದ್ದರೋ ಆಮೇಲೂ ಹಾಗೆಯೇ ಇದ್ದರು.

ಹಾಗಾದರೆ ಮನೋರೋಗವೇ ಕಟ್ಟುಕಥೆ ಎನ್ನುವವರೂ ಇದ್ದಾರೆ. ಅದನ್ನು ನಾನು ಒಪ್ಪಲಾರೆ. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆನಿಸಿ, 1974ರಲ್ಲಿ ನಿಮ್ಹಾನ್ಸ್ ಆಯಿತಷ್ಟೆ. ಆ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಹತ್ತಕ್ಕೊಬ್ಬರಿಗೆ ಯಾವುದಾದರೊಂದು ಮನೋವ್ಯಾಧಿ ಕಂಡಿತು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ಮುಟ್ಟಿರಲಿಲ್ಲ. ಜಾತ್ರೆಯಲ್ಲಿ ಮೈಮೇಲೆ ದೇವರು ಬಂದು ಕುಣಿದವಳು ಮರುದಿನ ಎಂದಿನಂತೆ ಎಮ್ಮೆ ಕರೆದು ಡೈರಿಗೆ ಹಾಲು ಹಾಕಿ ಬಂದರೆ ಅವಳನ್ನು ರೋಗಿಯೆನ್ನಲು ಕಾರಣವಿಲ್ಲ. ಯಾರ ತಂಟೆಗೂ ಹೋಗದೆ, ಮೂರು ವಾರದಿಂದ ಉಣ್ಣದೆ, ನಿದ್ರಿಸದೆ, ಸತ್ತರೆ ಮೇಲು ಎಂದುಕೊಳ್ಳುತ್ತಿರುವವನು ಊರ ಕಣ್ಣಿಗೆ ಸಾಧು; ಅವನಿಗೆ ಡಾಕ್ಟರು ಬೇಕು. ಕೇಳಬೇಕಾದದ್ದು ಆತ ನೆರೆಯವನಂತಿದ್ದಾನೆಯೆ ಎಂದಲ್ಲ. ಆತ ನರಳುತ್ತಿದ್ದಾನೆಯೆ, ತನ್ನ ಬಾಳನ್ನು ತಾನು ನಡೆಸಲಾಗುತ್ತಿದೆಯೆ ಎಂದು.

2015ರಲ್ಲಿ ಈ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡರು. "ಮನಸ್ಸು ಗಟ್ಟಿಯಿರಲಿಲ್ಲ" ಎಂದರೆ ಕಾರ್ಖಾನೆಯ ಬಾಕಿ, ಬಿದ್ದ ಬೆಲೆ, ಕೈಸಾಲದ ಬಡ್ಡಿ ಎಲ್ಲವೂ ಮರೆಯಾಗುತ್ತವೆ. "ಎಲ್ಲ ಸಾಲದಿಂದಲೇ" ಎಂದರೆ ನಿದ್ರೆಗೆಟ್ಟವನನ್ನು ಆಸ್ಪತ್ರೆಗೆ ಕರೆದೊಯ್ಯುವವರಿಲ್ಲ. ಅವರಿಗೆ ಬಾಕಿ ಹಣವೂ ಬೇಕಿತ್ತು, ಆರೈಕೆಯೂ ಬೇಕಿತ್ತು.

ಕಾನೂನಿನ ಮಾತು ಎರಡು ಹೇಳಿ ಮುಗಿಸುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೆಯ ಪ್ರಕರಣದ ಪ್ರಕಾರ, ಊರಿನ ನೀತಿಗೆ, ರಾಜಕೀಯಕ್ಕೆ, ಧರ್ಮದ ನಂಬಿಕೆಗೆ ಹೊಂದಿಕೊಳ್ಳಲಿಲ್ಲವೆಂದು ಯಾರನ್ನೂ ಮನೋರೋಗಿಯೆಂದು ತೀರ್ಮಾನಿಸಕೂಡದು. ರೋಗವಿದೆಯೆಂದ ಮಾತ್ರಕ್ಕೆ ಬುದ್ಧಿ ಸ್ವಾಧೀನವಿಲ್ಲವೆಂದೂ ಆಗುವುದಿಲ್ಲ. ಅದನ್ನು ಸಕ್ಷಮ ನ್ಯಾಯಾಲಯವೇ ಹೇಳಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೆಯ ಪ್ರಕರಣವಂತೂ ರೋಗದ ಕಾರಣದಿಂದ ಯಾರೂ ವಾರಸುದಾರಿಕೆಗೆ ಹೊರಗಲ್ಲವೆನ್ನುತ್ತದೆ. ತಮ್ಮನ ಹಳೆಯ ಆಸ್ಪತ್ರೆ ಚೀಟಿ ಹಿಡಿದು ಅವನ ಪಾಲು ತಪ್ಪಿಸಲು ಯಾರಾದರೂ ಬಂದರೆ, ಈ ಎರಡು ಪ್ರಕರಣಗಳ ಸಂಖ್ಯೆ ಹೇಳಿ. ಆ ತಮ್ಮನಿಗೆ ಈಗಲೂ ನಿದ್ರೆ ಬಾರದಿದ್ದರೆ, ಸರ್ಕಾರ 2022ರಲ್ಲಿ ತೆರೆದ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿಸಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.